ಬೀಗರ ಮನೆಯ ಬೇಯದ ಕಾಳು

ಹೊಳೆನರಸೀಪುರ

ನಾನು ನ್ಯೂಜಿಲೆಂಡಿಗೆ ಹೋಗಿ ಬಂದೆ ಅಂದರೆ ನಮ್ಮೂರಿನವರು ಮೊದಲು ಕೇಳುವುದು ಅಲ್ಲಿ ಚಳಿ ಹೇಗೆ ಎಂದು, ಆಮೇಲೆ ಊಟಕ್ಕೇನು ಮಾಡಿದಿರಿ ಎಂದು. ಚಳಿಯ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಇತ್ತು. ಊಟದ ವಿಷಯ ಮಾತ್ರ ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ, ನಿಧಾನವಾಗಿ ಕೂತು ಹೇಳಬೇಕು.

ನಮ್ಮದು ಪೇಟೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಒಬ್ಬಳೇ ಮಗಳು, ಸಿಂಚನ. ಹಾಸನದಲ್ಲಿ ಪಶುವೈದ್ಯ ಓದಿದವಳು ಹಸುಗಳ ಹಿಂದೆ ಹೋಗುತ್ತಾ ಹೋಗುತ್ತಾ ನ್ಯೂಜಿಲೆಂಡ್ ತಲುಪಿದಳು. ಅಲ್ಲಿ ಒಂದು ಹಸುವಿನ ಹೆರಿಗೆ ಮಾಡಿಸಲು ಹೋದ ಮನೆಗೇ ಸೊಸೆಯಾದಳು. ಹುಡುಗನ ಹೆಸರು ಟಾಮ್. ಮದುವೆ ಅಲ್ಲೇ ರಿಜಿಸ್ಟ್ರಾರ್ ಮುಂದೆ ಆಯಿತು. ನಾವು ಇಲ್ಲಿಂದ ವಿಡಿಯೋ ಕಾಲಿನಲ್ಲಿ ಅಕ್ಷತೆ ಹಾಕಿದೆವು. ಅಕ್ಷತೆ ಫೋನಿನ ಮೇಲೆ ಬಿದ್ದು ಅದ್ಯಾವ ಗುಂಡಿ ಒತ್ತಿತೋ, ಸರಿಯಾದ ಮುಹೂರ್ತಕ್ಕೆ ಕಾಲ್ ಕಟ್ಟಾಯಿತು.

ಹೊರಡುವ ಮೊದಲು ಚನ್ನರಾಯಪಟ್ಟಣದಲ್ಲಿ ಮೈದುನನ ಮನೆಯಲ್ಲಿರುವ ನಮ್ಮತ್ತೆಗೆ ಹೇಳಿ ಬರಲು ಹೋದೆ. "ಬೀಗರ ಮನೆಗೆ ಹೋಗ್ಬರ್ತೀನತ್ತೆ" ಅಂದೆ ಅಷ್ಟೆ.

"ಯಾವ್ ಸೀಮೆ ಬೀಗ್ರು?" ಅಂದರು ಅತ್ತೆ. "ಎಲೆ ಅಡಿಕೆ ಈಸ್ಕಂಡಿಲ್ಲ, ಒಂದ್ ಪಂಕ್ತೀಲಿ ಕುಂತು ಉಂಡಿಲ್ಲ. ಮಗಳ ಮನೆಗೆ ಓಯ್ತೀನಿ ಅನ್ನು, ಸರಿಯಾಯ್ತದೆ. ಬೀಗ್ರು ಗೀಗ್ರು ಅಂತ ನನ್ ಮುಂದೆ ಅನ್ಬ್ಯಾಡ ಕಣವ್ವ."

ಅತ್ತೆಗೆ ಮೊಮ್ಮಗಳೆಂದರೆ ಪ್ರಾಣ. ಆ ಹುಡುಗನ ಮೇಲೂ ಸಿಟ್ಟಿಲ್ಲ. ಆದರೆ ಆ ಒಂದು ಪದವನ್ನು ಮಾತ್ರ ಅವರು ಯಾರಿಗೂ ಪುಕ್ಕಟೆ ಕೊಡುವವರಲ್ಲ. ಹಾಗಂದವರೇ ಒಳಗೆ ಹೋಗಿ, ಶಾಂತಿಗ್ರಾಮದ ನಮ್ಮ ಹೊಲದ ಒಣ ಅವರೆಕಾಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತಂದು ಕೈಗಿಟ್ಟರು. "ಇದ್ ಮಗೀಗೆ. ಕಾಳ್ ಸಾರು ಅಂದ್ರೆ ಆಸೆ ಅವ್ಳ್ಗೆ. ಕೈಯಾರೆ ಮಾಡಾಕು."

ಗಂಟನ್ನು ಕಣ್ಣಿಗೊತ್ತಿಕೊಂಡೆ. ಆದರೆ ಅವರ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿತು. ಹೆಣ್ಣು ಕೊಟ್ಟ ಮನೆಯವರು ನಮಗೆ ನಂಟರಾಗದಿದ್ದರೆ ಅವಳು ಆ ಕಡೆ, ನಾವು ಈ ಕಡೆ, ನಡುವೆ ಸಮುದ್ರವೊಂದೇ ಉಳಿಯುತ್ತದೆ. ನಾನು ಹೊರಟಿದ್ದು ದೇಶ ನೋಡುವುದಕ್ಕಲ್ಲ, ಬೀಗತನ ಮಾಡುವುದಕ್ಕೆ. ಮಂಡಿನೋವಿನ ನನ್ನ ಗಂಡ ಅಂಗಡಿಯಲ್ಲೇ ಉಳಿದು, "ನೀನೊಬ್ಳೇ ಹೋಗಿ ಮಾತಾಡು, ನಿನ್ ಬಾಯಿಗೆ ಪಾಸ್‌ಪೋರ್ಟ್ ಬೇಕಾಗಿಲ್ಲ" ಎಂದು ಬಸ್ ಹತ್ತಿಸಿದರು.

ಆಕ್ಲೆಂಡ್

ಬೀಗರನ್ನು ನೋಡುವ ಮೊದಲು ನನಗೆ ಸಿಕ್ಕಿದ್ದು ಬೀಗಲ್. ಜೋಲು ಕಿವಿಯ ಒಂದು ಚಂದದ ನಾಯಿ. ವಿಮಾನ ನಿಲ್ದಾಣದಲ್ಲಿ ಎಲ್ಲರ ಬ್ಯಾಗನ್ನೂ ಮೂಸುತ್ತಾ ಬಂದು ನನ್ನ ಬ್ಯಾಗಿನ ಪಕ್ಕ ಭಕ್ತಿಯಿಂದ ಕುಳಿತುಬಿಟ್ಟಿತು. ನಾನು ಖುಷಿಯಾಗಿ ಅದರ ತಲೆ ಸವರಲು ಹೋದೆ. ಅದು ಕುಳಿತರೆ ಬ್ಯಾಗ್ ಬಿಚ್ಚಬೇಕೆಂದು ಅರ್ಥವಂತೆ.

ಆ ದೇಶದವರಿಗೆ ಹೊರಗಿನ ಬೀಜವೆಂದರೆ ಭಯ. ಮೊಳೆತು ಬೆಳೆದು ಏನು ರೋಗ ತರುತ್ತದೋ ಎಂದು. ನಾನು ಫಾರಂನಲ್ಲಿ ಆಹಾರವಿದೆ ಎಂದು ಬರೆದಿದ್ದೆನಾದ್ದರಿಂದ ದಂಡ ಬೀಳಲಿಲ್ಲ. ಸಾರಿನ ಪುಡಿ ಪಾಸಾಯಿತು, ಕೊಬ್ಬರಿ ಪುಡಿ ಪಾಸಾಯಿತು. ಅತ್ತೆಯ ಅವರೆಕಾಳಿನ ಗಂಟನ್ನು ಅಲ್ಲಿದ್ದ ಹೆಣ್ಣುಮಗಳು ಎರಡು ಕೈಯಲ್ಲೂ ಹಿಡಿದು, "ಸತ್ಯ ಹೇಳಿದ್ದಕ್ಕೆ ಧನ್ಯವಾದ" ಎಂದು ಮರ್ಯಾದೆಯಿಂದಲೇ ಕಸದ ಡಬ್ಬಕ್ಕೆ ಹಾಕಿದಳು. ಸತ್ಯ ಹೇಳಿದ್ದಕ್ಕೆ ಥ್ಯಾಂಕ್ಸ್ ಸಿಕ್ಕಿತು, ಕಾಳು ಹೋಯಿತು. ಶಾಂತಿಗ್ರಾಮದಿಂದ ಅಷ್ಟು ದೂರ ಬಂದ ಕಾಳು ಡಬ್ಬದ ತಳ ಮುಟ್ಟಿದ ಸದ್ದು ನನಗೆ ಇವತ್ತಿಗೂ ನೆನಪಿದೆ.

ಹಸುಗಳ ಊರು

ಮಗಳ ಅತ್ತೆಮನೆ ಆಕ್ಲೆಂಡಿನಿಂದ ದಕ್ಷಿಣಕ್ಕೆ, ವೈಕಾಟೊ ಎಂಬ ಸೀಮೆಯಲ್ಲಿ. ಕಾರಿನ ಕಿಟಕಿಯಿಂದ ನೋಡಿದರೆ ಹುಲ್ಲು, ಹಸು, ಹಸು, ಹುಲ್ಲು. ನಮ್ಮಲ್ಲಿ ಬೆಳಗ್ಗೆ ಕ್ಯಾನು ಹಿಡಿದು ಡೈರಿ ಮುಂದೆ ನಿಂತ ಜನ ಕಾಣುತ್ತಾರೆ. ಇಲ್ಲಿ ಜನವೇ ಇಲ್ಲ, ಹಸುಗಳೇ ಸಾಲಾಗಿ ಹಾಲು ಕರೆಸಿಕೊಳ್ಳಲು ಹೊರಟಿದ್ದವು. ನಾನು ಬಿಟ್ಟು ಬಂದ ಊರಿನಲ್ಲಿ ಬಿರುಬೇಸಿಗೆ, ಇಲ್ಲಿ ಎಲೆ ಉದುರುವ ಕಾಲ.

ಟಾಮ್‌ನ ತಾಯಿ ಮಾರ್ಗರೆಟ್ ಬಾಗಿಲಲ್ಲೇ ನಿಂತಿದ್ದರು. ನನ್ನದೇ ವಯಸ್ಸು. ಗಟ್ಟಿ ಆಳು, ಮೊಣಕಾಲಿನವರೆಗೆ ರಬ್ಬರ್ ಬೂಟು. ಗಂಡನೂ ಇದ್ದರು. ಅವರು ಮನುಷ್ಯರ ಜೊತೆ ಮಾತಾಡಿದ್ದನ್ನು ನಾನು ಕೇಳಿದ್ದು ಅಪರೂಪ, ಹಸುಗಳ ಜೊತೆ ಮಾತ್ರ ಮನಬಿಚ್ಚಿ ಮಾತಾಡುತ್ತಿದ್ದರು.

ನಮ್ಮಿಬ್ಬರ ಸಂಬಂಧಕ್ಕೆ ಇಂಗ್ಲಿಷಿನಲ್ಲಿ ಪದವೇ ಇಲ್ಲ ಎಂದು ಸಿಂಚನ ಹೇಳಿದಳು. ನನಗೆ ಪಾಪ ಅನ್ನಿಸಿತು. ಅಷ್ಟು ದೊಡ್ಡ ಭಾಷೆ, ಒಬ್ಬ ಬೀಗಿತ್ತಿಗೆ ಜಾಗವಿಲ್ಲ! "ಬೀಗಿತ್ತಿ" ಎಂದು ನನ್ನ ಎದೆ ಮುಟ್ಟಿ ಹೇಳಿದೆ, ಅವರ ಕಡೆ ಕೈ ತೋರಿಸಿ ಇನ್ನೊಮ್ಮೆ ಹೇಳಿದೆ. ಮಾರ್ಗರೆಟ್ ತಲೆಯಾಡಿಸಿ ಒಳಗೆ ಹೋಗಿ ಚೊಂಬಿನಷ್ಟು ದೊಡ್ಡ ಲೋಟದಲ್ಲಿ ಟೀ ತಂದುಕೊಟ್ಟರು. ಅವರಿಗೆ ಕೇಳಿಸಿದ್ದು "ಬಿಗ್ ಟೀ". ನಾನು ಆ ಪದ ಹೇಳಿದಾಗಲೆಲ್ಲ ಟೀ ಬರುತ್ತಿತ್ತು. ಸಿಂಚನ ನಕ್ಕು ನಕ್ಕು ಬಿಡಿಸಿ ಹೇಳಿದ ಮೇಲೂ ಅವರು ನನ್ನನ್ನು ಕರೆದದ್ದು ಹಾಗೆಯೇ: "ಗುಡ್ ಮಾರ್ನಿಂಗ್, ಬಿಗ್ ಟೀ!"

ಅಡುಗೆಮನೆಯಲ್ಲಿ ಅವರು ಒಂದು ಬೀರು ತೆರೆದು ತೋರಿಸಿದರು. ಹೊಸ ಪಾತ್ರೆಗಳು, ಹೊಸ ಸೌಟು, ಪ್ರತಿಯೊಂದರ ಹಿಡಿಗೂ ಕೆಂಪು ದಾರ. ಮಾಂಸ ಮುಟ್ಟದ ಪಾತ್ರೆಗಳು, ನನಗೆಂದೇ ತಂದವು. ಕೆಂಪು ದಾರ, ಅವು ಬೇರೆ ಪಾತ್ರೆಗಳ ಜೊತೆ ಬೆರೆಯದಿರಲಿ ಎಂದು. ಮದುವೆಯಾದಾಗಿನಿಂದ ಪಾತ್ರೆಗಳ ನಡುವೆಯೇ ಬದುಕಿದ ನನಗೆ ಪಾತ್ರೆ ನೋಡಿ ಕಣ್ಣು ತುಂಬಿದ್ದು ಅದೇ ಮೊದಲು.

ಪೈಗೆ ಪೈ

ನನಗೆ ಗೊತ್ತಿದ್ದ ಪೈ ಒಂದೇ, ನನ್ನ ಗಂಡ ಅಂಗಡಿಯಲ್ಲಿ ಹೇಳುವ "ಪೈಗೆ ಪೈ ಲೆಕ್ಕ". ಈ ದೇಶದಲ್ಲಿ ಪೈ ತಿನ್ನುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಕೂಡ ಗಾಜಿನ ಪೆಟ್ಟಿಗೆಯೊಳಗೆ ಬಿಸಿ ಬಿಸಿ ಪೈ. ನಮ್ಮ ಬೇಕರಿಯ ಪಲ್ಯದ ಪಫ್ಸ್ ಹಾಗೇ ಕಂಡಿತು. ಕೈ ಹಾಕಿದೆ. "ಅಮ್ಮಾ, ಕುರಿ!" ಎಂದು ಸಿಂಚನ ಕಿರುಚಿದಳು. ನಾನು ಹಿಂದೆ ತಿರುಗಿ ಕುರಿ ಎಲ್ಲಿದೆ ಎಂದು ನೋಡಿದೆ.

ಆದ್ದರಿಂದ ಭಾನುವಾರ ಮನೆಯಲ್ಲಿ ಪೈ ಮಾಡುತ್ತಾರೆ ಎಂದು ತಿಳಿದಾಗ ನನ್ನ ಮುಖ ಸಣ್ಣಗಾಯಿತು. ಇದು ಬೇರೆ ಎಂದಳು ಮಗಳು. ಹಣ್ಣು ಮತ್ತು ಕೆನೆಯ ಪೈ. ಭಾನುವಾರ ಮಾರ್ಗರೆಟ್‌ರ ತೀರಿಹೋದ ತಾಯಿ ಎಲ್ಸಿಯವರ ಹುಟ್ಟಿದ ದಿನ. ಪ್ರತಿವರ್ಷ ಆ ದಿನ ತಾಯಿ ಮಾಡುತ್ತಿದ್ದ ಹಾಗೆಯೇ ಪೈ ಮಾಡಿ ಮನೆಯವರೆಲ್ಲ ಕೂತು ತಿನ್ನುತ್ತಾರೆ. ಈ ಸಲ ನನಗಾಗಿ ಮೊಟ್ಟೆ ಹಾಕದೆ ಮಾಡುತ್ತಾರಂತೆ. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವ ಹಾಗೆಯೇ ಇದು ಎಂದುಕೊಂಡು ನನಗೆ ಸಮಾಧಾನವಾಯಿತು.

ಬೇಯದ ಕಾಳು

ಶುಕ್ರವಾರ ಅತ್ತೆಯ ಫೋನು ಬಂತು. "ಕಾಳ್ ಸಾರು ಮಾಡಾಕ್ದ್ಯಾ ಮಗೀಗೆ?"

ಕಸದ ಡಬ್ಬದ ಕಥೆ ಹೇಳಲು ಬಾಯಿ ಬರಲಿಲ್ಲ. "ನಾಳೆ ಮಾಡ್ತೀನತ್ತೆ" ಅಂದುಬಿಟ್ಟೆ. ಫೋನಿಟ್ಟವಳೇ ಈ ಮನೆಯಲ್ಲಿ ಯಾವುದಾದರೂ ಕಾಳು ಇದೆಯೇ ಎಂದು ಹುಡುಕಿದೆ. ಮೇಲಿನ ಶೆಲ್ಫಿನಲ್ಲಿ ಹಳೆಯ ಗಾಜಿನ ಜಾಡಿ, ಅದರ ತುಂಬ ಕಾಳು. ನಮ್ಮ ಅವರೆಗಿಂತ ಉದ್ದ, ಕಂದು ಬಣ್ಣ. ಮೂಸಿದರೆ ಹುರಿದ ವಾಸನೆ. ಹುಳ ಬೀಳದಿರಲಿ ಎಂದು ನಾವೂ ಕಾಳನ್ನು ಹುರಿದಿಡುತ್ತೇವಲ್ಲ. "ಪರವಾಗಿಲ್ಲ, ನಮ್ಮ ಬೀಗಿತ್ತಿ ಜಾಣೆ" ಎಂದು ಮೆಚ್ಚಿಕೊಂಡು ಅಷ್ಟನ್ನೂ ನೆನೆಹಾಕಿದೆ. ಎಲ್ಲರಿಗೂ ಆಗಬೇಕಲ್ಲ.

ಮಾರನೆಯ ದಿನ ಅವರೆಲ್ಲ ಹಾಲು ಕರೆಯುವ ಕೊಟ್ಟಿಗೆಯಲ್ಲಿದ್ದಾಗ ಸಾರಿಗೆ ಇಟ್ಟೆ. ಈರುಳ್ಳಿ, ಕೊಬ್ಬರಿ, ನಮ್ಮ ಸಾರಿನ ಪುಡಿ. ನಾನು ಹೊತ್ತು ತಂದಿದ್ದ ಕುಕ್ಕರ್ ಕೂಗಿದ್ದಕ್ಕೆ ಮನೆಯ ನಾಯಿ ಮೇಜಿನ ಕೆಳಗೆ ಸೇರಿಕೊಂಡಿತು. ಮುಚ್ಚಳ ತೆಗೆದರೆ ಕಾಳು ಕಲ್ಲಿನ ಹಾಗೇ ಇದೆ. ಇನ್ನಷ್ಟು ಕೂಗಿಸಿದೆ. ಕೆಲವು ಒಡೆದವು, ಉಳಿದವು ಜಪ್ಪಯ್ಯ ಅನ್ನಲಿಲ್ಲ.

ಅಷ್ಟರಲ್ಲಿ ಸಿಂಚನ ಕೆಲಸದಿಂದ ಬಂದಳು. ವಾಸನೆ ಹಿಡಿದೇ ಕುಣಿದಾಡಿದಳು. ಆಮೇಲೆ ಕಟ್ಟೆಯ ಮೇಲಿದ್ದ ಖಾಲಿ ಜಾಡಿ ನೋಡಿದಳು.

"ಅಮ್ಮಾ, ಇದ್ರಲ್ಲಿದ್ದ ಕಾಳೆಲ್ಲಿ?"

"ಸಾರಿಗೆ ಹಾಕ್ದೆ. ಬೇಯ್ತಾನೇ ಇಲ್ಲ ಕಣೇ. ಯಾವ ಅಂಗಡೀಲಿ ತಂದ್ರೋ ಇಂಥ ಹಾಳು ಕಾಳ್ನ!"

ಅವಳು ಜಾಡಿಯನ್ನು ಎತ್ತಿ ನನ್ನ ಮುಂದೆ ಹಿಡಿದಳು. "ಅದು ತಿನ್ನೋ ಕಾಳಲ್ಲಮ್ಮ. ಪೈ ಕಾಳು."

ಪೈಗೆ ಮೊದಲು ಹಿಟ್ಟಿನ ಬಟ್ಟಲನ್ನು ಬರಿದೇ ಬೇಯಿಸಬೇಕಂತೆ. ಒಲೆಯೊಳಗೆ ಹಿಟ್ಟು ಉಬ್ಬಿ ಮೇಲೇಳದಿರಲಿ ಎಂದು ಅದರೊಳಗೆ ಕಾಗದ ಹಾಸಿ ಕಾಳು ತುಂಬುತ್ತಾರೆ. ಬೆಂದ ಮೇಲೆ ಕಾಳನ್ನು ತೆಗೆದು ಮತ್ತೆ ಜಾಡಿಗೆ. ಅದೇ ಕಾಳು ಮುಂದಿನ ಪೈಗೆ, ಅದರ ಮುಂದಿನದಕ್ಕೆ. ಈ ಜಾಡಿಯ ಕಾಳು ಎಲ್ಸಿಯವರದು. ಈ ಮನೆ ಮಾರ್ಗರೆಟ್‌ರ ತವರೇ. ಎಲ್ಸಿಯವರು ಇಲ್ಲಿಗೆ ಮದುವೆಯಾಗಿ ಬಂದಂದಿನಿಂದ ಈ ಮನೆಯ ಪ್ರತಿ ಪೈಯಲ್ಲೂ ಕೂತು ಎದ್ದು ಬಂದದ್ದು. ಅದನ್ನು ನಾನು ಅವರ ದಿನದ ಮುನ್ನಾದಿನ ಕುಕ್ಕರಿಗೆ ಹಾಕಿದ್ದೆ.

ಮಾರ್ಗರೆಟ್ ಬಂದರು. ಮಗಳ ಬಾಯಲ್ಲಿ ಹೇಳಿಸುವುದು ಸರಿಯಲ್ಲ ಎಂದು ನನ್ನ ಮುರುಕು ಇಂಗ್ಲಿಷಿನಲ್ಲೇ ಹೇಳಿದೆ: "ಮಾರ್ಗರೆಟ್, ಮದರ್ ಬೀನ್ಸ್, ಐ ಕುಕ್. ಸಾರಿ." ಸಾರು ಮಾಡಿಟ್ಟು ಸಾರಿ ಅಂದೆ.

ಅವರು ಜಾಡಿ ನೋಡಿದರು, ಕುಕ್ಕರ್ ನೋಡಿದರು. ಬಿಚ್ಚಿದ್ದ ಬೂಟನ್ನು ಮತ್ತೆ ಹಾಕಿಕೊಂಡು ಹೊರಗೆ ಹೋದರು. ದೂರದ ಬೇಲಿಯವರೆಗೂ ನಡೆದು ಹೋಗಿ ಅಲ್ಲೇ ನಿಂತದ್ದು ಕಿಟಕಿಯಿಂದ ಕಾಣಿಸುತ್ತಿತ್ತು. ಕೆಂಪು ದಾರ ಕಟ್ಟಿ ನನ್ನ ಪಾತ್ರೆಗಳನ್ನು ಕಾಪಾಡಿದ ಹೆಂಗಸಿನ ತಾಯಿಯ ನೆನಪನ್ನೇ ನಾನು ಒಗ್ಗರಣೆಗೆ ಹಾಕಿದ್ದೆ. ಬೀಗತನ ಮಾಡಲು ಬಂದು ಇದ್ದದ್ದನ್ನೂ ಕೆಡಿಸಿದೆನಲ್ಲ ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ.

ಅಳುತ್ತಾ ಕೂತರೆ ಆಗುತ್ತದೆಯೇ? ನಾನೂ ಮಗಳೂ ಸಾರು ಬಸಿದು, ಕಾಳನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಒಡೆದವನ್ನು ಸಾರಿಗೇ ಬಿಟ್ಟು, ಇಡಿಯಾಗಿ ಉಳಿದವನ್ನು ಬಟ್ಟೆಯ ಮೇಲೆ ಹರಡಿದೆವು. ಅರ್ಧದಷ್ಟು ಉಳಿದಿದ್ದವು. ಅಷ್ಟು ಬೈದಿದ್ದೆನಲ್ಲ, ಅವು ಬೇಯದೆ ಇದ್ದದ್ದಕ್ಕೆ ಈಗ ದೇವರಿಗೆ ಕೈಮುಗಿದೆ.

ಹೊತ್ತು ಇಳಿಯುವಾಗ ಮಾರ್ಗರೆಟ್ ಒಳಗೆ ಬಂದರು. ಬಟ್ಟೆಯ ಮೇಲಿನ ಕಾಳಿನಲ್ಲಿ ಕೈಯಾಡಿಸಿದರು. ಒಂದು ಬಟ್ಟಲು ತೆಗೆದುಕೊಂಡು ಸಾರು ಬಡಿಸಿಕೊಂಡು ಕೂತರು. ಒಡೆದ ಕಾಳೊಂದನ್ನು ಅಗಿದದ್ದು ಇಡೀ ಅಡುಗೆಮನೆಗೆ ಕೇಳಿಸಿತು.

"ಅಮ್ಮ ಮದುವೆಯಾಗಿ ಬಂದ ವರ್ಷ ತಾನೇ ಬೆಳೆದ ಕಾಳು ಇದು" ಎಂದರು. ಸಿಂಚನ ಕನ್ನಡ ಮಾಡುತ್ತಾ ಹೋದಳು. "ಆಗಲೂ ಬೇಯಲಿಲ್ಲವಂತೆ. ಯಾರೂ ತಿನ್ನಲಿಲ್ಲ. ಬಿಸಾಕಲು ಮನಸ್ಸು ಬಾರದೆ ಪೈಗೆ ಇಟ್ಟುಕೊಂಡಳು. ನನ್ನ ಮೊದಲ ಬೆಳೆ ಯಾರ ಹೊಟ್ಟೆಗೂ ಹೋಗಲಿಲ್ಲ ಎಂದು ಮುದುಕಿಯಾಗುವವರೆಗೂ ಹೇಳುತ್ತಿದ್ದಳು."

ಇನ್ನೊಂದು ತುತ್ತು ತಿಂದು ನನ್ನ ಕಡೆ ನೋಡಿದರು. "ನನಗೆ ಬೇಜಾರಾಗಿದೆ. ಅದು ನಿಜ. ಆದರೆ ಸಾರು ಚೆನ್ನಾಗಿದೆ. ಸ್ವಲ್ಪ ಅನ್ನ ಹಾಕು, ಬಿಗ್ ಟೀ."

ನಗಬೇಕೋ ಅಳಬೇಕೋ ತಿಳಿಯದೆ ನಾನು ಎರಡನ್ನೂ ಮಾಡಿದೆ. ಬೇಜಾರಿಲ್ಲ ಎಂದು ಸುಳ್ಳು ಹೇಳದೆ ನನ್ನ ಕೈಯಿಂದ ಅನ್ನ ಬಡಿಸಿಕೊಂಡರಲ್ಲ, ಆ ಋಣ ದೊಡ್ಡದು.

ಎಲ್ಸಿಯಮ್ಮನ ದಿನ

ಭಾನುವಾರ ಮಾರ್ಗರೆಟ್ ಮೈದಾ ಹಿಟ್ಟಿಗೆ ತಣ್ಣನೆಯ ಬೆಣ್ಣೆ ಹಾಕಿ ಬೆರಳ ತುದಿಯಲ್ಲಿ ಉದುರಿಸುತ್ತಾ ಕಲೆಸಿದರು. ಹೋಳಿಗೆ ಕಣಕದ ಹಾಗೆ ನಾದಲು ಹೋದ ನನ್ನ ಕೈಗೆ ಒಂದು ಏಟು ಬಿತ್ತು. ಇದು ನಾದಿದರೆ ಕೆಡುತ್ತದಂತೆ. ಲಟ್ಟಿಸಿ, ಅಗಲ ತಟ್ಟೆಗೆ ಹಾಸಿ, ಮೇಲೆ ಕಾಗದ ಹೊದಿಸಿದರು. ಕಾಳು ಸುರಿದರೆ ಅರ್ಧ ತಟ್ಟೆಗೂ ಬರಲಿಲ್ಲ.

ನಾನು ಸಿಂಚನಳ ಅಕ್ಕಿ ಡಬ್ಬ ತಂದೆ. ಮಾರ್ಗರೆಟ್ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಬೊಗಸೆಯಲ್ಲಿ ಅಕ್ಕಿ ಹಿಡಿದು ಹಾಕುವಾಗ ಕೈ ತನ್ನಷ್ಟಕ್ಕೇ ಐದು ಸಲ ಹಾಕಿತು. ಮನೆಮಗಳಿಗೆ ಮಡಿಲು ತುಂಬಿ ರೂಢಿಯಾದ ಕೈ, ಅದಕ್ಕೆ ಬೇರೆ ಲೆಕ್ಕ ಗೊತ್ತಿಲ್ಲ.

ಬೆಂದ ಬಟ್ಟಲಿಗೆ ಸೇಬು ಮತ್ತು ಫಿಜೋವಾ ಎಂಬ ಹಣ್ಣನ್ನು ಸಕ್ಕರೆಯಲ್ಲಿ ಬೇಯಿಸಿ ತುಂಬಿದರು. ಫಿಜೋವಾ ನಮ್ಮ ಸೀಬೆಯ ದಾಯಾದಿ. ಮೇಲೆ ಅವರದೇ ಹಸುಗಳ ಕೆನೆ, ಕಡೆದು ಕಡೆದು ಹತ್ತಿಯ ಹಾಗೆ ಮಾಡಿದ್ದು. ನಮ್ಮಲ್ಲಿ ಕೆನೆ ಕಡೆದರೆ ಬೆಣ್ಣೆಯಾಗುವವರೆಗೆ ಬಿಡುವುದಿಲ್ಲ. ಇವರು ನಡುದಾರಿಯಲ್ಲೇ ನಿಲ್ಲಿಸುತ್ತಾರೆ.

ತುಂಡು ತೆಗೆದುಕೊಂಡ ಪ್ರತಿಯೊಬ್ಬರೂ ಎಲ್ಸಿಯಮ್ಮನ ಒಂದು ಕಥೆ ಹೇಳಬೇಕು, ಅದು ಆ ಮನೆಯ ಪದ್ಧತಿ. ಮೊದಲ ತುಂಡು ನನಗೇ ಕೊಟ್ಟರು. ಅವರನ್ನು ನೋಡೇ ಇಲ್ಲದ ನಾನೇನು ಕಥೆ ಹೇಳಲಿ? "ನೆನ್ನೆ ಅವರ ಬೆಳೆ ನಮ್ಮೂರ ಸಾರಿಗೆ ಬಿತ್ತು" ಎಂದೆ. ಮೊದಲು ನಕ್ಕವರು ಮಾತಾಡದ ಬೀಗರು.

ಮಡಿಲು

ಹೊರಡುವ ದಿನ ನಾನು ಹೊಸ ಸೀರೆಯುಟ್ಟಿದ್ದೆ. ಕಾರಿನ ಹತ್ತಿರ ಮಾರ್ಗರೆಟ್ ಒಂದು ಕಾಗದದ ಚೀಲ ಹಿಡಿದು ಬಂದರು. ಉಳಿದ ಕಾಳಿನಲ್ಲಿ ಅರ್ಧ ನನಗೆ. ಮನೆಯಲ್ಲಿ ಪೈ ಮಾಡಿ ಎಲ್ಲರಿಗೂ ಹಾಕು ಎಂದರು. ಬೇಡ ಬೇಡ ಎಂದು ನಾನು ಕೈ ಅಡ್ಡ ಹಿಡಿಯುವಷ್ಟರಲ್ಲಿ ಇಬ್ಬನಿಗೆ ನೆನೆದಿದ್ದ ಚೀಲದ ತಳ ಬಿಚ್ಚಿಕೊಂಡಿತು. ನಾನು ಯೋಚಿಸಲೇ ಇಲ್ಲ, ಸೆರಗು ಒಡ್ಡಿದೆ. ಕಾಳೆಲ್ಲ ಮಡಿಲಿಗೆ ಬಿತ್ತು.

"ಅಮ್ಮಾ! ಮಡಿಲಕ್ಕಿ!" ಎಂದಳು ಸಿಂಚನ.

ತವರಿಂದ ಹೊರಡುವ ಹೆಣ್ಣಿಗೆ ಮಡಿಲು ತುಂಬಿ ಕಳಿಸುತ್ತಾರೆ, ಮತ್ತೆ ಬರಲಿ ಎಂದು. ಅವಳು ವಿವರಿಸಿದ್ದನ್ನು ಮಾರ್ಗರೆಟ್ ಗಂಭೀರವಾಗಿ ಕೇಳಿ, ಇನ್ನೇನೇನು ಹಾಕಬೇಕು ಎಂದು ವಿಚಾರಿಸಿದರು. ತೆಂಗಿನಕಾಯಿ ಎಂದಾಗ ಒಳಗೆ ಓಡಿ ಹೋಗಿ ಒಂದು ಸೇಬು ತಂದು ಕಾಳಿನ ನಡುವೆ ಇಟ್ಟರು. ನನಗೆ ತವರು ಮುಚ್ಚಿ ಎಷ್ಟೋ ಕಾಲವಾಗಿದೆ. ಅರಕಲಗೂಡಿನಲ್ಲಿ ನನ್ನಮ್ಮ ಹೋದ ಮೇಲೆ ನನ್ನ ಮಡಿಲು ತುಂಬಿದವರು ಆ ರಬ್ಬರ್ ಬೂಟಿನ ಹೆಂಗಸು.

ಚನ್ನರಾಯಪಟ್ಟಣ

ಊರಿಗೆ ಬಂದ ಮೇಲೆ ಅತ್ತೆಯ ಮನೆಯಲ್ಲೇ ಪೈ ಮಾಡಬೇಕೆಂದು ಹಟ ಹಿಡಿದೆ. ಗಂಡ ಅಂಗಡಿಯಿಂದ ಅಗಲ ಅಂಚಿನ ತಟ್ಟೆ ತಂದರು. ಅರಕಲಗೂಡಿನಲ್ಲೇ ಮದುವೆಯಾಗಿ ಇರುವ ತಂಗಿ ಬಾದಾಮಿ ಮಾವಿನಹಣ್ಣು ಹೊತ್ತು ಬಂದಳು. ಮನೆಹಸುವಿನ ಹಾಲಿನ ಕೆನೆ ಎರಡು ದಿನದಿಂದ ಫ್ರಿಜ್ಜಿನಲ್ಲಿ ಕೂಡಿಟ್ಟಿತ್ತು.

ಹಿಟ್ಟು ಕಲೆಸಿ ತಿರುಗಿದರೆ ಅತ್ತೆ ಕಾಳನ್ನು ಮೊರಕ್ಕೆ ಸುರಿದುಕೊಂಡು ಕೇರುತ್ತಾ, "ಇವ್ನ ನೆನೆ ಆಕ್ನಿಲ್ವಲ್ಲವ್ವ ಯಾರೂವೆ" ಎನ್ನುತ್ತಿದ್ದಾರೆ! ಹಾರಿ ಹೋಗಿ ಮೊರ ಹಿಡಿದೆ. ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಶಾಂತಿಗ್ರಾಮದ ಗಂಟು ಕಸಕ್ಕೆ ಹೋದದ್ದು, ಕೆಂಪು ದಾರ, ಕುಕ್ಕರ್, ಮಡಿಲು. ಅತ್ತೆ ನಾಯಿಯ ವಿಷಯಕ್ಕೆ, "ಅದ್ರ್ ಮನೆ ಕಾಯ್ವಾಗ" ಎಂದು ಬೈದರು. ಹಿಟ್ಟಿನ ಮೇಲೆ ಕಾಗದ ಹಾಸಿ ಕಾಳು ಸುರಿದೆ. ಕಾಲು ತಟ್ಟೆ ತುಂಬಿತು. ಅಕ್ಕಿಗೆಂದು ಎದ್ದೆ.

"ಕುಂತ್ಕೊ" ಎಂದರು ಅತ್ತೆ. ತಮ್ಮ ಡಬ್ಬ ತಂದು ಶಾಂತಿಗ್ರಾಮದ ಅವರೆಕಾಳನ್ನು ಅಂಚಿನವರೆಗೂ ತುಂಬಿದರು.

ಮನೆಯಲ್ಲಿ ಓವನ್ ಇಲ್ಲ. ತಟ್ಟೆ ಹೊತ್ತು ಬೀದಿ ಕೊನೆಯ ಬೇಕರಿಗೆ ಹೋದೆವು. "ಇದೇನಕ್ಕ, ಕಾಳ್ ಪಲ್ಯ ಬೇಯ್ಸಕ್ ನಮ್ ಒಲೆನೇ ಬೇಕಾ?" ಎಂದು ಬೇಕರಿಯವನು ನಕ್ಕರೂ ಬನ್ನಿನ ಪಕ್ಕ ಜಾಗ ಮಾಡಿಕೊಟ್ಟ.

ಮಾವಿನಹಣ್ಣು, ಕೆನೆ ತುಂಬಿದ ಪೈಯನ್ನು ಎಲ್ಲರೂ ಸಾಲಾಗಿ ಕೂತು ತಿಂದೆವು. ಅಂಚು ಒಂದು ಕಡೆ ಸೀದಿತ್ತು, ಕೆನೆ ಸ್ವಲ್ಪ ಬೆಣ್ಣೆಯಾಗಿತ್ತು. ಸಿಂಚನ, ಮಾರ್ಗರೆಟ್ ಇಬ್ಬರೂ ಫೋನಿನಲ್ಲಿ ನೋಡುತ್ತಾ ಕೂತಿದ್ದರು. ಅತ್ತೆ ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು. "ಓಳಿಗೆನೂ ಅಲ್ಲ, ಬನ್ನೂ ಅಲ್ಲ" ಎಂದರು. ಆಮೇಲೆ ತಟ್ಟೆ ಮುಂದೆ ಮಾಡಿ, "ಇನ್ನೊಂದ್ ಚೂರು ಆಕು" ಎಂದರು.

ಉಂಡೆದ್ದ ಮೇಲೆ ಆರಿದ ಕಾಳನ್ನು ಮೊರದಲ್ಲಿ ಹರಡಿಕೊಂಡು ಕೂತೆ. ಅವರ ಕಾಳು ಒಂದು ಕಡೆ, ನಮ್ಮ ಅವರೆ ಒಂದು ಕಡೆ ಆರಿಸತೊಡಗಿದೆ. ಒಂದೇ ಒಲೆಯಲ್ಲಿ ಬೆಂದು ಎರಡೂ ಒಂದೇ ಬಣ್ಣಕ್ಕೆ ತಿರುಗುತ್ತಿದ್ದವು. ಅತ್ತೆ ಬಂದು ಪಕ್ಕದಲ್ಲಿ ಕೂತರು. ನಾನು ಬೇರೆ ಮಾಡಿಟ್ಟಿದ್ದ ಎರಡು ಗುಡ್ಡೆಯನ್ನೂ ಅಂಗೈಯಿಂದ ಒಂದು ಮಾಡಿದರು.

"ಬುಡವ್ವ, ಆರಿಸ್ಬ್ಯಾಡ" ಎಂದರು. "ಬೀಗ್ರಾದ್ ಮ್ಯಾಲೆ ಬ್ಯಾರೆ ಮಾಡಕ್ಕಾದದಾ?"